ರಕ್ತಸಂಬಂಧವೂ ರಕ್ತದ ಗುಂಪೂ

೧

ಕನ್ನಡದಲ್ಲಿ ಬಂಧುತ್ವವನ್ನು ಹೇಳತಕ್ಕ ಮಾತುಗಳು ಬಹುಮಟ್ಟಿಗೆ ಶರೀರದಿಂದಲೇ ಹುಟ್ಟಿಕೊಂಡವು. ಕರುಳಿನ ಕುಡಿ, ಕರುಳುಬಳ್ಳಿ, ರಕ್ತಸಂಬಂಧ ಮುಂತಾದುವು ಎಲ್ಲರ ಬಾಯಲ್ಲಿಯೂ ಇರುವ ಮಾತುಗಳು. ಅಣ್ಣತಮ್ಮಂದಿರನ್ನು "ಒಂದೇ ರಕ್ತ ಹಂಚಿಕೊಂಡು ಹುಟ್ಟಿದವರು" ಎನ್ನುವುದುಂಟು. ಈ ಮಾತುಗಳ ಹಿಂದೆ ಇರುವ ನಂಬಿಕೆ ಸ್ಪಷ್ಟವಾಗಿದೆ: ಒಂದು ಮನೆತನದವರ ರಕ್ತ ಒಂದೇ ಬಗೆಯದು, ಪರರ ರಕ್ತ ಬೇರೆ ಬಗೆಯದು.

ಕಾವ್ಯಕ್ಕೂ ವ್ಯವಹಾರಕ್ಕೂ ಈ ನಂಬಿಕೆ ಸಾಕಾಗಿದೆ. ಆದರೆ ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲಿ ಇದನ್ನೇ ನಂಬಿ ನಡೆದರೆ ಪ್ರಾಣಾಪಾಯವುಂಟು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನ ರಕ್ತವನ್ನು ಇನ್ನೊಬ್ಬನಿಗೆ ಏರಿಸಿದರೆ ಅದು ವಿಷವಾಗಬಹುದು; ಎಲ್ಲಿಯೋ ಇರುವ ಪರಿಚಯವಿಲ್ಲದವನೊಬ್ಬನ ರಕ್ತ ಅಮೃತವಾಗಬಹುದು. ಹಾಗೆಂದ ಮಾತ್ರಕ್ಕೆ ಹಳೆಯ ನಂಬಿಕೆ ಸಂಪೂರ್ಣವಾಗಿ ಸುಳ್ಳೆಂದು ಹೇಳುವಂತಿಲ್ಲ. ರಕ್ತದ ಗುಂಪು ತಂದೆತಾಯಿಗಳಿಂದಲೇ ಬರತಕ್ಕದ್ದು; ಕೆಲವು ಅಪೂರ್ವ ಸಂದರ್ಭಗಳಲ್ಲಿ ಹೊಂದುವ ರಕ್ತವನ್ನು ಒಡಹುಟ್ಟಿದವರಲ್ಲಿಯೇ ಮೊದಲು ಹುಡುಕಬೇಕಾಗುತ್ತದೆ. ಆದುದರಿಂದ ಒಬ್ಬ ವ್ಯಕ್ತಿಯು ತನ್ನ ರಕ್ತದ ಗುಂಪನ್ನು ಮಾತ್ರ ಅರಿತರೆ ಸಾಲದು. ಕುಟುಂಬದವರೆಲ್ಲರ ಗುಂಪುಗಳನ್ನೂ ಅರಿಯಬೇಕು, ಅರಿತುದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲೂ ಬೇಕು. ಇದು ಏಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೨

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಏರಿಸುವ ಪ್ರಯತ್ನ ಹೊಸದಲ್ಲ. ರಕ್ತವು ಶರೀರದಲ್ಲಿ ಸುತ್ತುತ್ತಿರುವುದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ ೧೬೨೮ರಲ್ಲಿ ತೋರಿಸಿದ ಮೇಲೆ ಈ ಆಲೋಚನೆಗೆ ಬಲ ಬಂದಿತು. ೧೬೬೭ರಲ್ಲಿ ಪ್ಯಾರಿಸಿನ ಜೀನ್ ಬ್ಯಾಪ್ಟಿಸ್ಟ್ ಡೆನಿ ಎಂಬ ವೈದ್ಯನು ಕುರಿಮರಿಯ ರಕ್ತವನ್ನು ಮನುಷ್ಯನಿಗೆ ಏರಿಸಿದನು. ಮೊದಮೊದಲು ಅಪಾಯ ಕಾಣಲಿಲ್ಲ. ಮುಂದೆ ರೋಗಿಯೊಬ್ಬನು ಮೃತನಾದುದರಿಂದ ಆ ಚಿಕಿತ್ಸೆ ನಿಂತುಹೋಯಿತು. ಅಲ್ಲಿಂದ ಒಂದೂವರೆ ಶತಮಾನದ ಬಳಿಕ, ಹೆರಿಗೆಯ ಕಾಲದಲ್ಲಿ ರಕ್ತ ಹರಿದುಹೋಗಿ ಸಾಯುತ್ತಿದ್ದ ತಾಯಂದಿರ ಅವಸ್ಥೆಯನ್ನು ಕಂಡು ಮರುಗಿದ ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಮನುಷ್ಯರ ರಕ್ತವನ್ನೇ ಮನುಷ್ಯರಿಗೆ ಏರಿಸುವ ಪ್ರಯೋಗವನ್ನು ೧೮೧೮ರಲ್ಲಿ ಆರಂಭಿಸಿದನು. ಕೆಲವರು ಬದುಕಿದರು, ಕೆಲವರು ಸತ್ತರು. ಯಾರು ಬದುಕುವರು, ಯಾರು ಸಾಯುವರು ಎಂಬುದನ್ನು ಮುಂಚಿತವಾಗಿ ಹೇಳಲು ಯಾವ ಸಾಧನವೂ ಆಗ ಇರಲಿಲ್ಲ.

ಈ ಒಗಟನ್ನು ಬಿಡಿಸಿದವನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್. ಆತನು ತನ್ನ ಮತ್ತು ತನ್ನ ಸಹೋದ್ಯೋಗಿಗಳ ರಕ್ತವನ್ನು ತೆಗೆದು, ಕೆಂಪು ಕಣಗಳನ್ನೂ ತಿಳಿಯಾದ ರಕ್ತರಸವನ್ನೂ ಬೇರ್ಪಡಿಸಿ, ಒಬ್ಬರ ಕಣಗಳನ್ನು ಇನ್ನೊಬ್ಬರ ರಸದೊಡನೆ ಬೆರಸಿ ನೋಡಿದನು. ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. ಕೆಲವು ಜೋಡಿಗಳಲ್ಲಿ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟಿದವು. ಇವರೆಲ್ಲರೂ ಆರೋಗ್ಯವಂತರೇ ಆಗಿದ್ದುದರಿಂದ ಇದು ರೋಗದ ಲಕ್ಷಣವಲ್ಲ, ಸಹಜವಾದ ಭೇದವೆಂದು ಆತನು ನಿರ್ಧರಿಸಿದನು. ೧೯೦೧ರಲ್ಲಿ ಪ್ರಕಟವಾದ ಆತನ ಲೇಖನದಲ್ಲಿ ಎ, ಬಿ, ಸಿ ಎಂಬ ಮೂರು ಗುಂಪುಗಳ ಪ್ರಸ್ತಾಪವಿದೆ. ಸಿ ಎಂಬುದೇ ಮುಂದೆ ಓ ಎಂಬ ಹೆಸರನ್ನು ಪಡೆಯಿತು. ಎಬಿ ಎಂಬ ನಾಲ್ಕನೆಯ ಗುಂಪು ೧೯೦೨ರಲ್ಲಿ ಗೊತ್ತಾಯಿತು. ಈ ಶೋಧಕ್ಕಾಗಿ ಲ್ಯಾಂಡ್‌ಸ್ಟೈನರನಿಗೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗುಂಪುಗಳ ಭೇದಕ್ಕೆ ಕಾರಣ ಕೆಂಪು ಕಣದ ಮೈಮೇಲಿರುವ ಕೆಲವು ವಸ್ತುಗಳು. ಇವುಗಳಿಗೆ ಪ್ರತಿಜನಕಗಳೆಂದು ಹೆಸರು. ಎ ಗುಂಪಿನವರ ಕಣದ ಮೇಲೆ ಎ ವಸ್ತುವೂ, ಬಿ ಗುಂಪಿನವರಲ್ಲಿ ಬಿ ವಸ್ತುವೂ, ಎಬಿ ಗುಂಪಿನವರಲ್ಲಿ ಎರಡೂ ಇರುವುವು. ಓ ಗುಂಪಿನವರಲ್ಲಿ ಈ ಎರಡೂ ಇರುವುದಿಲ್ಲ. ತನ್ನಲ್ಲಿಲ್ಲದ ವಸ್ತುವನ್ನು ಶರೀರವು ಪರಕೀಯವೆಂದು ಎಣಿಸುತ್ತದೆ. ಅದನ್ನು ಎದುರಿಸತಕ್ಕ ಪ್ರತಿಕಾಯಗಳು ರಕ್ತರಸದಲ್ಲಿ ಇರುವುವು. ಎ ಗುಂಪಿನವನಿಗೆ ಬಿ ರಕ್ತವನ್ನು ಏರಿಸಿದರೆ ಆತನ ಪ್ರತಿಕಾಯಗಳು ಹೊಸದಾಗಿ ಬಂದ ಕಣಗಳನ್ನು ಒಡೆದುಹಾಕುವುವು, ಮೂತ್ರಪಿಂಡಗಳು ಕೆಡುವುವು, ಕೆಲವೊಮ್ಮೆ ಸಾವು ಸಂಭವಿಸುವುದು. ರಕ್ತವನ್ನು ಏರಿಸುವುದಕ್ಕೆ ಮುಂಚೆ ದಾನಿಯ ಕಣಗಳನ್ನು ರೋಗಿಯ ರಸದೊಡನೆ ಬೆರಸಿ ನೋಡತಕ್ಕ ಪದ್ಧತಿಯನ್ನು ನ್ಯೂಯಾರ್ಕಿನ ರೂಬೆನ್ ಓಟೆನ್‌ಬರ್ಗ್ ಬಳಕೆಗೆ ತಂದನು. ಇಂದಿಗೂ ಅದೇ ಕೊನೆಯ ಪರೀಕ್ಷೆ.

೩

ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡುಹಿಡಿದಿದ್ದ ಆನುವಂಶಿಕ ನಿಯಮಗಳು ಮರೆತುಹೋಗಿ, ೧೯೦೦ರಲ್ಲಿ ಪುನಃ ಬೆಳಕಿಗೆ ಬಂದಿದ್ದುವು. ಈ ನಿಯಮಗಳು ರಕ್ತದ ಗುಂಪಿಗೂ ಅನ್ವಯಿಸುವುವೆಂಬುದನ್ನು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಫಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ ಎಂಬಿಬ್ಬರು ೧೯೧೦ರಲ್ಲಿ ತೋರಿಸಿದರು. ಅವರು ಅನುಸರಿಸಿದ ಮಾರ್ಗ ಗಮನಿಸತಕ್ಕದ್ದು. ಬಿಡಿಬಿಡಿಯಾಗಿ ಜನರನ್ನು ಪರೀಕ್ಷಿಸದೆ, ತಂದೆ ತಾಯಿ ಮಕ್ಕಳು ಕೂಡಿದ ಇಡಿಯ ಕುಟುಂಬಗಳನ್ನೇ ಅವರು ಪರೀಕ್ಷಿಸಿದರು. ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಎ ಅಥವಾ ಬಿ ವಸ್ತು ಮಕ್ಕಳಲ್ಲಿ ಕಾಣಿಸಲಿಲ್ಲ. ಹೀಗೆ ರಕ್ತದ ಗುಂಪಿನ ಶಾಸ್ತ್ರವು ಕುಟುಂಬದ ಪರೀಕ್ಷೆಯಿಂದಲೇ ಬೆಳೆಯಿತೆನ್ನಬಹುದು.

ಆದರೂ ಅವರ ವಿವರಣೆಯಲ್ಲಿ ಒಂದು ದೋಷ ಉಳಿದಿತ್ತು. ಎ ಮತ್ತು ಬಿ ಗುಣಗಳು ಎರಡು ಬೇರೆ ಬೇರೆ ಸ್ಥಾನಗಳಿಂದ ಬರುವುವೆಂದು ಅವರು ಭಾವಿಸಿದ್ದರು. ಆ ಪ್ರಕಾರ ಎಬಿ ಗುಂಪಿನ ತಾಯಿಗೆ ಓ ಗುಂಪಿನ ಮಗು ಹುಟ್ಟಬಹುದಾಗಿತ್ತು. ಗೋಟಿಂಗೆನ್ನಿನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ ೧೯೨೪ರಲ್ಲಿ ಲೆಕ್ಕಾಚಾರದಿಂದಲೇ ಇದನ್ನು ತಿದ್ದಿದನು. ಎ, ಬಿ, ಓ ಎಂಬ ಮೂರೂ ಒಂದೇ ಸ್ಥಾನದಲ್ಲಿ ಕುಳಿತುಕೊಳ್ಳತಕ್ಕ ವಂಶವಾಹಿಗಳು; ಪ್ರತಿಯೊಬ್ಬನಲ್ಲಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಮಾತ್ರ ಇರಬಲ್ಲುವು. ಓ ಎಂಬುದು ಎ ಅಥವಾ ಬಿ ಜೊತೆಗಿದ್ದಾಗ ಮರೆಯಾಗಿರುತ್ತದೆ. ಎರಡೂ ಓ ಆದಾಗ ಮಾತ್ರ ಪ್ರಕಟವಾಗುತ್ತದೆ. ಈ ಸ್ಥಾನವು ಒಂಬತ್ತನೆಯ ವರ್ಣತಂತುವಿನಲ್ಲಿದೆಯೆಂದು ಮುಂದೆ ತಿಳಿದುಬಂದಿತು.

ಈ ನಿಯಮದಿಂದ ಹೊರಡುವ ಫಲಗಳಲ್ಲಿ ಕೆಲವು ಆಶ್ಚರ್ಯಕರವಾಗಿವೆ. ಎ ಗುಂಪಿನ ತಂದೆ, ಬಿ ಗುಂಪಿನ ತಾಯಿ, ಇಬ್ಬರಲ್ಲಿಯೂ ಮರೆಯಾಗಿ ಒಂದೊಂದು ಓ ಇದ್ದರೆ, ಮಕ್ಕಳು ನಾಲ್ಕು ಗುಂಪುಗಳಲ್ಲಿ ಯಾವುದನ್ನಾದರೂ ಪಡೆಯಬಹುದು. ತಂದೆ ಎಬಿ, ತಾಯಿ ಓ ಆದರೆ ಮಕ್ಕಳು ಎ ಅಥವಾ ಬಿ ಆಗುವರು. ಸಾಮಾನ್ಯ ನಿಯಮದಂತೆ ಒಂದು ಮಗುವೂ ತಂದೆಯ ಗುಂಪನ್ನಾಗಲಿ ತಾಯಿಯ ಗುಂಪನ್ನಾಗಲಿ ಹೋಲುವುದಿಲ್ಲ. ಇಂಥ ಮನೆಯಲ್ಲಿ ಮಗಳಿಗೆ ರಕ್ತ ಬೇಕಾದಾಗ "ನನ್ನ ರಕ್ತವನ್ನೇ ತೆಗೆದುಕೊಳ್ಳಿ" ಎಂದು ಮುಂದೆ ಬರುವ ಎಬಿ ಗುಂಪಿನ ತಂದೆಯ ರಕ್ತ ಆಕೆಗೆ ಒಗ್ಗುವುದಿಲ್ಲ. ಬೀದಿಯಲ್ಲಿ ಹೋಗುವ ಅಪರಿಚಿತನದು ಒಗ್ಗಬಹುದು. "ಒಂದೇ ರಕ್ತ" ಎಂಬ ಮಾತಿನ ಮಿತಿ ಇಲ್ಲಿ ಕಾಣುತ್ತದೆ.

ಗುಂಪುಗಳ ಹಂಚಿಕೆ ದೇಶದಿಂದ ದೇಶಕ್ಕೆ ಬೇರೆಯಾಗಿದೆಯೆಂಬುದನ್ನು ಹಿರ್ಷ್‌ಫೆಲ್ಡ್ ಮತ್ತು ಆತನ ಪತ್ನಿ ಹಾನ್ನಾ ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಸಲೋನಿಕಾದಲ್ಲಿ ನೆರೆದಿದ್ದ ಹಲವು ದೇಶಗಳ ಸೈನಿಕರನ್ನು ಪರೀಕ್ಷಿಸಿ ತೋರಿಸಿದರು. ೧೯೧೯ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಭಾರತೀಯ ಸೈನಿಕರೂ ಸೇರಿದ್ದರು. ಯುರೋಪಿನವರಿಗಿಂತ ಇವರಲ್ಲಿ ಬಿ ಗುಂಪು ಬಹಳ ಹೆಚ್ಚಾಗಿ ಕಂಡಿತು. ಭಾರತದಲ್ಲಿ ಓ ಮತ್ತು ಬಿ ಗುಂಪಿನವರು ತಲಾ ಸುಮಾರು ಮೂರರಲ್ಲಿ ಒಂದು ಪಾಲು ಇರುವರು. ಎ ಗುಂಪಿನವರು ಅದಕ್ಕಿಂತ ಕಡಿಮೆ. ಎಬಿ ಗುಂಪಿನವರು ಎಲ್ಲರಿಗಿಂತ ಕಡಿಮೆ.

೪

ನಾಲ್ಕು ಗುಂಪುಗಳನ್ನು ಹೊಂದಿಸಿದ ಮೇಲೆಯೂ ಕೆಲವರಿಗೆ ಅಪಾಯವಾಗುತ್ತಿದ್ದುದು ಕಂಡುಬಂದಿತು. ೧೯೩೯ರಲ್ಲಿ ಅಮೆರಿಕದ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಒಬ್ಬ ಸ್ತ್ರೀಯ ವೃತ್ತಾಂತವನ್ನು ಪ್ರಕಟಿಸಿದರು. ಆಕೆಗೆ ಸತ್ತ ಮಗು ಹುಟ್ಟಿತ್ತು. ರಕ್ತ ಬೇಕಾದಾಗ ಆಕೆಯ ಗಂಡನ ರಕ್ತವನ್ನೇ ಏರಿಸಲಾಯಿತು. ಇಬ್ಬರದೂ ಓ ಗುಂಪೇ. ಆದರೂ ಆಕೆಗೆ ತೀವ್ರವಾದ ತೊಂದರೆ ಉಂಟಾಯಿತು. ಮಗುವು ತಂದೆಯಿಂದ ಪಡೆದಿದ್ದ, ತಾಯಿಯಲ್ಲಿಲ್ಲದ ಯಾವುದೋ ವಸ್ತುವಿಗೆ ತಾಯಿಯ ಶರೀರವು ಪ್ರತಿಕಾಯಗಳನ್ನು ಹುಟ್ಟಿಸಿತ್ತೆಂದೂ, ಅದೇ ವಸ್ತುವುಳ್ಳ ಗಂಡನ ರಕ್ತವನ್ನು ಆ ಪ್ರತಿಕಾಯಗಳು ಎದುರಿಸಿದುವೆಂದೂ ಅವರು ಊಹಿಸಿದರು. ೧೯೪೦ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಜಾತಿಯ ಕೋತಿಯ ರಕ್ತವನ್ನು ಬಳಸಿ ಮಾಡಿದ ಪ್ರಯೋಗಗಳಿಂದ ಈ ಬಗೆಯ ಭೇದಕ್ಕೆ ಆರ್‌ಎಚ್ ಎಂಬ ಹೆಸರು ಬಂದಿತು. ಇದರಲ್ಲಿ ಮುಖ್ಯವಾದ ಡಿ ವಸ್ತು ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್. ಯುರೋಪಿನವರಲ್ಲಿ ನೂರಕ್ಕೆ ಸುಮಾರು ೧೫ ಮಂದಿ ನೆಗೆಟಿವ್ ಆದರೆ, ಭಾರತೀಯರಲ್ಲಿ ನೂರಕ್ಕೆ ಸುಮಾರು ೫ ಮಂದಿ ಮಾತ್ರ.

ಸಂಖ್ಯೆ ಚಿಕ್ಕದಾದರೂ ಫಲ ಚಿಕ್ಕದಲ್ಲ. ನೆಗೆಟಿವ್ ತಾಯಿ, ಪಾಸಿಟಿವ್ ತಂದೆ ಆದಾಗ ಮಗು ಪಾಸಿಟಿವ್ ಆಗಬಹುದು. ಚೊಚ್ಚಲು ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಏಕೆಂದರೆ ಮಗುವಿನ ರಕ್ತ ತಾಯಿಯ ರಕ್ತದೊಡನೆ ಹೆಚ್ಚಾಗಿ ಬೆರೆಯುವುದು ಹೆರಿಗೆಯ ಸಮಯದಲ್ಲಿ. ಆಗ ತಾಯಿಯ ಶರೀರವು ಪ್ರತಿಕಾಯಗಳನ್ನು ಹುಟ್ಟಿಸಲು ಕಲಿಯುತ್ತದೆ. ಗರ್ಭಪಾತದಿಂದಲೂ ಹೀಗಾಗಬಹುದು. ಮುಂದಿನ ಬಸಿರಿನಲ್ಲಿ ಮಗು ಪಾಸಿಟಿವ್ ಆಗಿದ್ದರೆ ಆ ಪ್ರತಿಕಾಯಗಳು ಮಾಸುಚೀಲವನ್ನು ದಾಟಿ ಮಗುವಿನ ಕೆಂಪು ಕಣಗಳನ್ನು ನಾಶಮಾಡುವುವು. ಮಗು ಕಾಮಾಲೆಯಿಂದ ಹಳದಿಯಾಗಿ, ರಕ್ತಹೀನವಾಗಿ ಅಥವಾ ಮೈಯೆಲ್ಲ ನೀರು ತುಂಬಿ ಹುಟ್ಟುವುದು. ಒಂದೊಂದು ವೇಳೆ ಗರ್ಭದಲ್ಲಿಯೇ ಸಾಯುವುದು. ೧೬೦೯ರಷ್ಟು ಹಿಂದೆಯೇ ಲೂಯಿಸ್ ಬೂರ್ಜ್ವಾ ಎಂಬ ಫ್ರೆಂಚ್ ಸೂಲಗಿತ್ತಿಯು ಇಂಥ ಅವಳಿ ಮಕ್ಕಳನ್ನು ವರ್ಣಿಸಿದ್ದಾಳೆ: ಒಂದು ಊದಿಕೊಂಡು, ಇನ್ನೊಂದು ಹಳದಿಯಾಗಿ ಹುಟ್ಟಿ, ಎರಡೂ ತೀರಿಕೊಂಡವು.

ಕರ್ನಾಟಕದ ಹಳ್ಳಿಗಳಲ್ಲಿ "ಆಕೆಗೆ ಕೂಸು ದಕ್ಕುವುದಿಲ್ಲ" ಎಂಬ ಮಾತು ಹಿಂದೆ ಬಹಳ ಕೇಳಿಬರುತ್ತಿತ್ತು. ಮೊದಲನೆಯದು ಉಳಿದು ಆಮೇಲಿನವು ಒಂದರ ಮೇಲೊಂದು ಹೋದರೆ ದೃಷ್ಟಿ, ದೋಷ, ಗ್ರಹಚಾರ ಎಂದು ಹೇಳುತ್ತಿದ್ದರು. ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪನೆಂದೋ, ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂದು ಗುಂಡನೆಂದೋ ಹೆಸರಿಡುತ್ತಿದ್ದುದು ಈ ಭಯದಿಂದಲೇ. ಆ ಮರಣಗಳಿಗೆಲ್ಲ ಆರ್‌ಎಚ್ ಭೇದವೇ ಕಾರಣವೆಂದು ಹೇಳಲಾಗದು. ನಂಜು, ಸಿಡುಬು, ವಾಂತಿಭೇದಿ, ಬಡತನ ಮೊದಲಾದುವೇ ಹೆಚ್ಚಿನ ಪಾಲನ್ನು ಕೊಂಡೊಯ್ದುವು. ಆದರೆ ಕೆಲವು ಮನೆಗಳಲ್ಲಿಯಾದರೂ ಕಾರಣವು ಗ್ರಹದಲ್ಲಿರದೆ ಗಂಡಹೆಂಡಿರ ರಕ್ತದ ಗುಂಪಿನಲ್ಲಿ ಇದ್ದಿರಬೇಕು. ಅದರ ಅಪವಾದವನ್ನು ಮಾತ್ರ ಹೆಂಗಸು ಹೊತ್ತಳು.

ಈಗ ಇದಕ್ಕೆ ಪರಿಹಾರವಿದೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿಯೂ ಅಮೆರಿಕದ ನ್ಯೂಯಾರ್ಕಿನಲ್ಲಿಯೂ ನಡೆದ ಸಂಶೋಧನೆಗಳ ಫಲವಾಗಿ ಆಂಟಿ-ಡಿ ಎಂಬ ಚುಚ್ಚುಮದ್ದು ೧೯೬೮ರಿಂದ ಬಳಕೆಗೆ ಬಂದಿದೆ. ಪಾಸಿಟಿವ್ ಮಗುವನ್ನು ಹೆತ್ತ ನೆಗೆಟಿವ್ ತಾಯಿಗೆ ೭೨ ಗಂಟೆಗಳೊಳಗಾಗಿ ಇದನ್ನು ಕೊಡುವರು. ಬಸಿರಿನ ೨೮ನೆಯ ವಾರದ ಸುಮಾರಿಗೂ ಕೊಡುವುದುಂಟು. ತಾಯಿಯ ಶರೀರವು ಪ್ರತಿಕಾಯಗಳನ್ನು ಹುಟ್ಟಿಸಲು ಕಲಿಯುವುದಕ್ಕೆ ಮುಂಚೆಯೇ ಇದು ಮಗುವಿನ ಕಣಗಳನ್ನು ತೊಡೆದುಹಾಕುತ್ತದೆ. ಚುಚ್ಚುಮದ್ದಿಲ್ಲದಿದ್ದರೆ, ಎ-ಬಿ-ಓ ಗುಂಪುಗಳು ಹೊಂದುವ ತಾಯಿಮಕ್ಕಳಲ್ಲಿ ನೂರಕ್ಕೆ ಸುಮಾರು ೧೬ ತಾಯಂದಿರಲ್ಲಿ ಪ್ರತಿಕಾಯ ಹುಟ್ಟುತ್ತದೆ. ಎರಡು ಸಲ ಸರಿಯಾಗಿ ಕೊಟ್ಟರೆ ಇದು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಆದರೆ ಪ್ರತಿಕಾಯ ಒಮ್ಮೆ ಹುಟ್ಟಿದ ಮೇಲೆ ಈ ಮದ್ದಿನಿಂದ ಪ್ರಯೋಜನವಿಲ್ಲ. ಆದುದರಿಂದ ಗುಂಪನ್ನು ಮೊದಲನೆಯ ಬಸಿರಿನಲ್ಲಿಯೇ, ಸಾಧ್ಯವಾದರೆ ಅದಕ್ಕೂ ಮುಂಚೆಯೇ, ತಿಳಿದಿರಬೇಕು. ತಂದೆತಾಯಿಗಳಿಬ್ಬರೂ ಪಾಸಿಟಿವ್ ಆಗಿದ್ದರೂ ಅವರಲ್ಲಿ ಮರೆಯಾಗಿದ್ದ ಗುಣ ಸೇರಿ ಮಗಳು ನೆಗೆಟಿವ್ ಆಗಬಹುದು. "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ" ಎಂಬ ಧೈರ್ಯ ಇಲ್ಲಿ ಸಲ್ಲದು.

೫

ರಕ್ತದ ಗುಂಪು ಆನುವಂಶಿಕವೆಂದು ಸ್ಥಿರಪಟ್ಟ ಮೇಲೆ ಅದನ್ನು ಪಿತೃತ್ವನಿರ್ಣಯಕ್ಕೆ ಬಳಸತೊಡಗಿದರು. ಜರ್ಮನಿಯ ನ್ಯಾಯಾಲಯಗಳು ೧೯೨೦ರ ದಶಕದಲ್ಲಿಯೇ ಇದನ್ನು ಸಾಕ್ಷ್ಯವಾಗಿ ಸ್ವೀಕರಿಸಿದುವು. ಇಂಥವನು ತಂದೆಯೆಂದು ಈ ಪರೀಕ್ಷೆ ಹೇಳಲಾರದು. ಇಂಥವನು ತಂದೆಯಾಗಿರಲಾರನೆಂದು ಮಾತ್ರ ಹೇಳಬಲ್ಲುದು. ಉದಾಹರಣೆಗೆ, ಓ ಗುಂಪಿನ ತಂದೆತಾಯಿಗಳಿಗೆ ಬಿ ಗುಂಪಿನ ಮಗು ಹುಟ್ಟಲಾರದೆಂಬುದು ಬರ್ನ್‌ಸ್ಟೈನನ ನಿಯಮ. ಮನೆಮಂದಿಯ ಗುಂಪಿನ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇಂಥ ಹೊಂದಿಕೆಯಾಗದ ಸಂಗತಿಯೊಂದು ಕಂಡರೆ ಹೆಂಡತಿಯ ಶೀಲದ ಮೇಲೆ ಸಂಶಯ ಹುಟ್ಟುವುದು ಸಹಜ. ಆದರೆ ಆ ನಿಯಮಕ್ಕೂ ಅಪವಾದವುಂಟು. ಆ ಅಪವಾದ ಮೊದಲು ಗೊತ್ತಾದುದು ಭಾರತದಲ್ಲಿಯೇ.

ಬೊಂಬಾಯಿಯಲ್ಲಿ ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಕೆಲವು ಜನರ ರಕ್ತದಲ್ಲಿ ಒಂದು ವಿಶೇಷವನ್ನು ಕಂಡರು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಎಂದೇ ತೋರುತ್ತಿತ್ತು. ಆದರೆ ಅವರ ರಕ್ತರಸವು ಎ, ಬಿ ಕಣಗಳನ್ನು ಮಾತ್ರವಲ್ಲದೆ ಓ ಕಣಗಳನ್ನೂ ಮುದ್ದೆಗಟ್ಟಿಸುತ್ತಿತ್ತು. ೧೯೫೨ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ವರದಿ ಪ್ರಕಟವಾಯಿತು. ಆ ರಕ್ತಕ್ಕೆ ಬಾಂಬೆ ಗುಂಪೆಂದೇ ಹೆಸರಾಯಿತು.

ಇದರ ಮರ್ಮವನ್ನು ಕಾಗುಣಿತದ ಸಹಾಯದಿಂದ ಸುಲಭವಾಗಿ ತಿಳಿಯಬಹುದು. ಗುಡಿಸು, ಕೊಂಬು, ಏತ್ವ ಮೊದಲಾದ ಚಿಹ್ನೆಗಳು ತಾವಾಗಿ ನಿಲ್ಲಲಾರವು. ಅವುಗಳಿಗೆ ಒಂದು ವ್ಯಂಜನದ ಆಧಾರ ಬೇಕು. ಅಂತೆಯೇ ಎ ಮತ್ತು ಬಿ ವಸ್ತುಗಳಿಗೆ ಎಚ್ ಎಂಬ ಮೂಲವಸ್ತುವಿನ ಆಧಾರ ಬೇಕು. ಓ ಗುಂಪಿನವರಲ್ಲಿ ಎಚ್ ಮಾತ್ರ ಇದೆ, ಚಿಹ್ನೆಯಿಲ್ಲ. ಬಾಂಬೆ ಗುಂಪಿನವರಲ್ಲಿ ಎಚ್ ವಸ್ತುವೇ ಇಲ್ಲ. ಅವರ ವಂಶವಾಹಿಗಳಲ್ಲಿ ಎ ಅಥವಾ ಬಿ ಇದ್ದರೂ ಕೂಡಿಕೊಳ್ಳಲು ಅಕ್ಷರವಿಲ್ಲದುದರಿಂದ ಅದು ಪ್ರಕಟವಾಗುವುದಿಲ್ಲ. ಎಚ್ ವಸ್ತುವಿಗೆ ಕಾರಣವಾದ ವಂಶವಾಹಿ ಬೇರೊಂದು ಸ್ಥಾನದಲ್ಲಿ, ಹತ್ತೊಂಬತ್ತನೆಯ ವರ್ಣತಂತುವಿನಲ್ಲಿದೆ. ತಂದೆಯಿಂದಲೂ ತಾಯಿಯಿಂದಲೂ ಅದರ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಈ ಗುಂಪು ಉಂಟಾಗುತ್ತದೆ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆಯ ಚೀಟಿಯಲ್ಲಿ ಓ ಎಂದು ಬರೆದಿದೆ; ತಾಯಿಯ ಚೀಟಿಯಲ್ಲಿಯೂ ಓ; ಮಗು ಬಿ. ತಂದೆ ನಿಜವಾಗಿ ಬಾಂಬೆ ಗುಂಪಿನವನಾಗಿದ್ದು, ಅವನಲ್ಲಿ ಬಿ ವಂಶವಾಹಿ ಅಡಗಿದ್ದರೆ, ಅವನು ಅದನ್ನು ಮಗುವಿಗೆ ಕೊಡುತ್ತಾನೆ. ತಾಯಿ ಎಚ್ ವಂಶವಾಹಿಯನ್ನು ಕೊಡುತ್ತಾಳೆ. ಆಧಾರಾಕ್ಷರ ದೊರೆತ ಕೂಡಲೆ ಬಿ ಪ್ರಕಟವಾಗುತ್ತದೆ. ಮಗು ಅವನದೇ. ಪರೀಕ್ಷೆ ಅರ್ಧಕ್ಕೆ ನಿಂತುದರಿಂದ ಚೀಟಿ ಸುಳ್ಳಾಡಿತೇ ಹೊರತು ತಾಯಿಯಲ್ಲ. ಚೀಟಿಯಲ್ಲಿ ಬರೆಯುವಾಗ ಆದ ಕೈತಪ್ಪಿನಿಂದಲೂ ಇಂಥ ಸಂಶಯ ಹುಟ್ಟಬಹುದು. ಆದುದರಿಂದ ಕುಟುಂಬದ ಗುಂಪುಗಳಲ್ಲಿ ಹೊಂದಿಕೆ ಕಾಣದಿದ್ದರೆ ಮೊದಲು ಮಾಡತಕ್ಕದ್ದು ಮರುಪರೀಕ್ಷೆ, ಆಮೇಲೆ ಎಚ್ ವಸ್ತುವಿನ ಪರೀಕ್ಷೆ. ಅದಕ್ಕೆ ಮುಂಚೆ ಯಾರ ಮೇಲೂ ಮಾತು ಹೊರಿಸುವುದು ನ್ಯಾಯವಲ್ಲ.

ಬಾಂಬೆ ಗುಂಪಿನವರಿಗೆ ಇನ್ನೊಂದು ಸಂಕಟವಿದೆ. ಅವರಿಗೆ ಓ ರಕ್ತವೂ ಒಗ್ಗುವುದಿಲ್ಲ. ತಮ್ಮದೇ ಗುಂಪಿನ ರಕ್ತ ಮಾತ್ರ ಒಗ್ಗುವುದು. ಭಾರತದಲ್ಲಿ ಈ ಗುಂಪಿನವರು ಸುಮಾರು ಹತ್ತು ಸಾವಿರಕ್ಕೆ ಒಬ್ಬರೆಂದು ಎಣಿಕೆ. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಆದರೆ ಲೆಕ್ಕವನ್ನು ಕುಟುಂಬದೊಳಗೆ ತಂದರೆ ಸ್ಥಿತಿ ಬದಲಾಗುತ್ತದೆ. ಒಬ್ಬನು ಬಾಂಬೆ ಗುಂಪಿನವನಾಗಿದ್ದು, ಅವನ ತಂದೆತಾಯಿಗಳಿಬ್ಬರೂ ಆ ಗುಣವನ್ನು ಮರೆಯಾಗಿ ಹೊತ್ತವರಾಗಿದ್ದರೆ, ಅವನ ಪ್ರತಿಯೊಬ್ಬ ಒಡಹುಟ್ಟಿದವನೂ ಅದೇ ಗುಂಪಿನವನಾಗಿರುವ ಸಂಭವ ನಾಲ್ಕರಲ್ಲಿ ಒಂದು. ಊರಿನಲ್ಲಿ ಹತ್ತು ಸಾವಿರ ಮಂದಿಯಲ್ಲಿ ಹುಡುಕಬೇಕಾದುದು ಮನೆಯಲ್ಲಿ ನಾಲ್ವರಲ್ಲಿಯೇ ಸಿಕ್ಕಬಹುದು. "ರಕ್ತಸಂಬಂಧ" ಎಂಬ ಹಳೆಯ ಮಾತು ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ.

ದಕ್ಷಿಣ ಭಾರತದಲ್ಲಿ ಇದಕ್ಕೆ ವಿಶೇಷವಾದ ಅರ್ಥವಿದೆ. ಅಕ್ಕನ ಮಗಳನ್ನು ತರುವುದು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವುದು ಕರ್ನಾಟಕದಲ್ಲಿಯೂ ಬಹುಕಾಲದಿಂದ ಬಂದ ರೂಢಿ. ತಂದೆತಾಯಿಗಳಿಬ್ಬರ ಪೂರ್ವಿಕನೊಬ್ಬನಲ್ಲಿದ್ದ ಒಂದೇ ವಂಶವಾಹಿ ಎರಡು ಕಡೆಯಿಂದಲೂ ಮಗುವಿಗೆ ಬರುವ ಸಂಭವ, ಸೋದರಮಾವ-ಸೊಸೆಯರ ಮದುವೆಯಲ್ಲಿ ಎಂಟರಲ್ಲಿ ಒಂದು. ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಈ ಮದುವೆಗಳು ಅಪೂರ್ವ ಗುಣಗಳನ್ನು ಹುಟ್ಟಿಸುವುದಿಲ್ಲ. ಮನೆತನದಲ್ಲಿ ಅಡಗಿದ್ದುದನ್ನು ಒಂದೆಡೆ ಕೂಡಿಸುತ್ತವೆ. ಆದುದರಿಂದ ಸಂಬಂಧದಲ್ಲಿಯೇ ಮದುವೆಗಳು ನಡೆದ ಮನೆತನದಲ್ಲಿ ಒಬ್ಬರಿಗೆ ಅಪೂರ್ವ ಗುಂಪು ಕಂಡರೆ ಉಳಿದವರನ್ನೂ ಪರೀಕ್ಷಿಸುವುದು ಅತ್ಯಾವಶ್ಯಕ.

೬

ಎ-ಬಿ-ಓ ಮತ್ತು ಆರ್‌ಎಚ್ ಎರಡೇ ಅಲ್ಲದೆ, ಅಂತರರಾಷ್ಟ್ರೀಯ ಮನ್ನಣೆ ಪಡೆದ ರಕ್ತದ ಗುಂಪಿನ ವ್ಯವಸ್ಥೆಗಳು ೪೦ಕ್ಕೂ ಹೆಚ್ಚಾಗಿವೆ. ಇವುಗಳಲ್ಲಿ ಬಹುಪಾಲು ಸಾಮಾನ್ಯ ಜೀವನದಲ್ಲಿ ತಲೆದೋರುವುದೇ ಇಲ್ಲ. ಆದರೆ ತಲೆದೋರಿದಾಗ ಏನಾಗುವುದೆಂಬುದಕ್ಕೆ ಕೋಲಾರದ ಒಬ್ಬ ಸ್ತ್ರೀಯ ಸಂಗತಿ ನಿದರ್ಶನವಾಗಿದೆ. ಹೃದಯದ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಸೇರಿದ ಆಕೆಯ ಗುಂಪು ಓ ಪಾಸಿಟಿವ್. ಎಲ್ಲೆಡೆಯಲ್ಲಿಯೂ ದೊರೆಯತಕ್ಕ ಗುಂಪು. ಆದರೂ ದೊರೆತ ಓ ರಕ್ತಗಳಲ್ಲಿ ಒಂದೂ ಆಕೆಗೆ ಹೊಂದಲಿಲ್ಲ. ರಕ್ತವನ್ನು ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರಕ್ಕೆ ಕಳುಹಿಸಲಾಯಿತು. ಅಲ್ಲಿ ಆಕೆಯ ಕುಟುಂಬದ ೨೦ ಮಂದಿಯ ರಕ್ತವನ್ನು ಪರೀಕ್ಷಿಸಿದರು. ಅವರಲ್ಲಿಯೂ ಯಾರದೂ ಹೊಂದಲಿಲ್ಲ. ಕೊನೆಗೆ ವೈದ್ಯರು ಬಹು ಎಚ್ಚರಿಕೆಯಿಂದ, ಹೊರಗಿನ ರಕ್ತವನ್ನು ಏರಿಸದೆಯೇ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು.

ಆಕೆಯ ಮತ್ತು ಕುಟುಂಬದವರ ರಕ್ತದ ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪ್ರಯೋಗಾಲಯಕ್ಕೆ ಹೋದುವು. ಸುಮಾರು ಹತ್ತು ತಿಂಗಳ ಶೋಧನೆಯ ಬಳಿಕ, ಕ್ರೋಮರ್ ಎಂಬ ವ್ಯವಸ್ಥೆಗೆ ಸೇರಿದ, ಅದುವರೆಗೆ ಯಾರಿಗೂ ತಿಳಿಯದಿದ್ದ ಪ್ರತಿಜನಕವೊಂದು ಗೊತ್ತಾಯಿತು. ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ ಕ್ರಿಬ್ ಎಂದು ಹೆಸರಿಟ್ಟು, ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನಿನಲ್ಲಿ ನಡೆದ ಅಂತರರಾಷ್ಟ್ರೀಯ ರಕ್ತಪೂರಣ ಸಂಘದ ಸಮ್ಮೇಳನದಲ್ಲಿ ಪ್ರಕಟಿಸಿದರು.

ಈ ಸಂಗತಿಯಿಂದ ಎರಡು ಅಂಶಗಳು ಹೊರಡುತ್ತವೆ. ಮೊದಲನೆಯದು, ಚೀಟಿಯಲ್ಲಿ ಬರೆದ ಗುಂಪು ರಕ್ತದ ಪೂರ್ಣ ವಿವರವಲ್ಲ. ಎರಡನೆಯದು, ಹೊಂದುವ ರಕ್ತ ಮನೆಯಲ್ಲಿ ಸಿಕ್ಕದಿದ್ದರೂ, ಕುಟುಂಬದವರ ಪರೀಕ್ಷೆ ವ್ಯರ್ಥವಲ್ಲ. ಅಪೂರ್ವ ಗುಣವನ್ನು ಗುರುತಿಸಲು ಅದೇ ಹಾದಿ. ಮುಂಚಿತವಾಗಿ ತಿಳಿದಿದ್ದರೆ ಇಂಥವರು ಆರೋಗ್ಯವಾಗಿರುವಾಗಲೇ ತಮ್ಮ ರಕ್ತವನ್ನು ತಮಗಾಗಿ ಕೊಟ್ಟಿಡಬಹುದು. ಘನೀಕರಿಸಿದ ಕೆಂಪು ಕಣಗಳು ವರ್ಷಗಟ್ಟಲೆ ಉಳಿಯಬಲ್ಲುವು. ಬಾಂಬೆ ಗುಂಪಿನವರ ಹೆಸರುಗಳನ್ನು ಕಲೆಹಾಕಿ, ಬೇಕಾದವರಿಗೆ ದಾನಿಗಳನ್ನು ಒದಗಿಸುವ ಕೆಲಸವನ್ನು ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಷನ್ ಕೈಗೊಂಡಿದೆ.

೭

ರಕ್ತದ ಗುಂಪಿನ ವಿಷಯದಲ್ಲಿ ಹಬ್ಬಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಪರಿಶೀಲಿಸುವುದು ಅವಶ್ಯಕ.

ಗಂಡಹೆಂಡಿರ ಗುಂಪು ಒಂದೇ ಆದರೆ ಮಕ್ಕಳಿಗೆ ಕೇಡೆಂದು ಹಲವರು ನಂಬಿ, ಜಾತಕದಂತೆ ಇದನ್ನೂ ಕೂಡಿಸಿ ನೋಡುವುದುಂಟು. ಇದಕ್ಕೆ ಆಧಾರವಿಲ್ಲ. ಗುಂಪು ಒಂದೇ ಆಗಿದ್ದರೆ ಯಾವ ದೋಷವೂ ಇಲ್ಲ. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆಗಿರುವುದೂ ಮದುವೆಗೆ ಅಡ್ಡಿಯಲ್ಲ. ವೈದ್ಯರಿಗೆ ಅದನ್ನು ತಿಳಿಸಿದ್ದರೆ ಸಾಕು. ನೆಗೆಟಿವ್ ಎಂಬ ಕಾರಣದಿಂದ ಹೆಣ್ಣನ್ನು ನಿರಾಕರಿಸುವುದು ಅಜ್ಞಾನದ ಫಲ. ಇನ್ನು ಗುಂಪಿನಿಂದ ಸ್ವಭಾವವನ್ನು ಹೇಳುವ ವಾದವೊಂದು ೧೯೨೭ರಲ್ಲಿ ಜಪಾನಿನ ತಾಕೆಜಿ ಫುರುಕಾವಾ ಎಂಬಾತನಿಂದ ಹುಟ್ಟಿ ಆ ದೇಶದಲ್ಲಿ ಬಹಳ ಹರಡಿತು. ಶಾಸ್ತ್ರೀಯ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ.

ಹತ್ತಿರದ ಬಂಧುಗಳ ರಕ್ತವೇ ಶ್ರೇಷ್ಠವೆಂಬುದು ಇನ್ನೊಂದು ನಂಬಿಕೆ. ಗುಂಪು ಹೊಂದಿದರೂ ಇದರಲ್ಲಿ ಒಂದು ವಿಚಿತ್ರವಾದ ಅಪಾಯವಿದೆ. ಬಂಧುವಿನ ಬಿಳಿಯ ಕಣಗಳು ರೋಗಿಯ ಕಣಗಳನ್ನು ಬಹಳವಾಗಿ ಹೋಲುವುದರಿಂದ ರೋಗಿಯ ಶರೀರವು ಅವುಗಳನ್ನು ಪರಕೀಯವೆಂದು ಗುರುತಿಸದೆ ಬಿಡಬಹುದು. ಅವು ಅಲ್ಲಿಯೇ ನೆಲೆಸಿ ರೋಗಿಯ ಶರೀರವನ್ನೇ ಎದುರಿಸಬಹುದು. ಇದು ಬಹು ಅಪೂರ್ವವಾದರೂ ಪ್ರಾಯಶಃ ಮಾರಕ. ಆದುದರಿಂದ ಬಂಧುಗಳ ರಕ್ತವನ್ನು ವಿಕಿರಣಕ್ಕೆ ಒಡ್ಡಿ ಆ ಕಣಗಳ ಶಕ್ತಿಯನ್ನು ಕುಂದಿಸಿ ಕೊಡುವರು. ಮಕ್ಕಳನ್ನು ಹೆರುವ ವಯಸ್ಸಿನ ಹೆಂಡತಿಗೆ ಗಂಡನ ರಕ್ತವನ್ನು ಏರಿಸುವುದನ್ನೂ ಆದಷ್ಟು ತಪ್ಪಿಸುವರು; ಗಂಡನ ಗುಣಗಳಿಗೆ ಆಕೆಯಲ್ಲಿ ಪ್ರತಿಕಾಯ ಹುಟ್ಟಿದರೆ ಮುಂದಿನ ಮಗುವಿಗೆ ತೊಂದರೆಯಾಗಬಹುದು. ಹೀಗೆ ಸಾಮಾನ್ಯ ಗುಂಪಿನವರಿಗೆ, ಹಣದಾಸೆಯಿಲ್ಲದೆ ಕೊಟ್ಟ ಅಪರಿಚಿತ ದಾನಿಯ ಪರೀಕ್ಷಿತ ರಕ್ತವೇ ಉತ್ತಮ. ಸುಪ್ರೀಂ ಕೋರ್ಟಿನ ೧೯೯೬ರ ತೀರ್ಪಿನ ಫಲವಾಗಿ ಭಾರತದಲ್ಲಿ ೧೯೯೮ರಿಂದ ರಕ್ತವನ್ನು ಮಾರುವುದು ನಿಷಿದ್ಧವಾಗಿದೆ. ಕುಟುಂಬದವರು ತಮ್ಮ ಗುಂಪುಗಳನ್ನು ತಿಳಿದಿದ್ದು, ತಮ್ಮವರಿಗೆ ಬೇಕಾಗುವುದಕ್ಕೆ ಮುಂಚೆಯೇ ಪರರಿಗಾಗಿ ಕೊಡುತ್ತಿದ್ದರೆ ಮಾತ್ರ ಆ ಭಂಡಾರ ತುಂಬಿರುವುದು.

೮

ಕುಟುಂಬದ ಗುಂಪುಗಳನ್ನು ಬರೆದಿಡುವುದು ಕಷ್ಟವಲ್ಲ. ಬೆರಳಿನ ಅಥವಾ ತೋಳಿನ ರಕ್ತದ ಕೆಲವು ಹನಿಗಳು ಸಾಕು. ಆದರೆ ಕಣಗಳನ್ನು ಮಾತ್ರವಲ್ಲದೆ ರಕ್ತರಸವನ್ನೂ ಪರೀಕ್ಷಿಸತಕ್ಕ ಪ್ರಯೋಗಾಲಯದಲ್ಲಿ ಮಾಡಿಸುವುದು ಮೇಲು. ರಸವನ್ನು ಓ ಕಣಗಳೊಡನೆ ಬೆರಸಿ ನೋಡಿ, ಬೇಕಾದರೆ ಎಚ್ ವಸ್ತುವನ್ನೂ ಪರೀಕ್ಷಿಸಿದರೆ ಮಾತ್ರ ಬಾಂಬೆ ಗುಂಪು ಗೊತ್ತಾಗುವುದು. ಎಳೆಗೂಸುಗಳ ರಸದಲ್ಲಿ ಅವುಗಳ ಸ್ವಂತ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಇರುವುದಿಲ್ಲವಾದುದರಿಂದ, ಹುಟ್ಟಿದಾಗ ಮಾಡಿಸಿದ ಪರೀಕ್ಷೆಯನ್ನು ಮಗು ಬೆಳೆದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಹೆಸರು, ಗುಂಪು, ಆರ್‌ಎಚ್, ಪರೀಕ್ಷೆಯ ದಿನ ಇವುಗಳ ಜೊತೆಗೆ, ಹಿಂದೆ ಯಾರಿಗಾದರೂ ರಕ್ತ ಏರಿಸಿದಾಗ ತೊಂದರೆಯಾಗಿದ್ದರೆ ಅದನ್ನೂ, ಹೆಂಗಸರ ವಿಷಯದಲ್ಲಿ ಬಸಿರು ಹೆರಿಗೆಗಳ ವಿವರವನ್ನೂ ಬರೆದಿಡತಕ್ಕದ್ದು. ಈ ಬರಹವಿದ್ದರೂ ಆಸ್ಪತ್ರೆಯಲ್ಲಿ ಮರುಪರೀಕ್ಷೆ ತಪ್ಪದು, ತಪ್ಪಲೂ ಬಾರದು. ದಾನಿಗಳನ್ನು ಬೇಗ ಕರೆಸಲು, ತಾಯಿಗೆ ಸಕಾಲದಲ್ಲಿ ಮದ್ದು ಕೊಡಿಸಲು, ಅಪೂರ್ವ ಗುಂಪಿದ್ದರೆ ಅದನ್ನು ಮೊದಲೇ ಅರಿಯಲು ಇದು ಸಾಧನವಾಗುತ್ತದೆ.

ಕನ್ನಡನಾಡಿನ ಹಳೆಯ ಮನೆಗಳಲ್ಲಿ ವಂಶಾವಳಿಯನ್ನು ಬರೆದಿಡುವ ಪದ್ಧತಿಯಿತ್ತು. ಜನನಕಾಲವನ್ನೂ ನಕ್ಷತ್ರವನ್ನೂ ಗುರುತು ಹಾಕಿಡುತ್ತಿದ್ದರು. ಅದೇ ಪುಟದಲ್ಲಿ ಪ್ರತಿಯೊಂದು ಹೆಸರಿನ ಮುಂದೆ ರಕ್ತದ ಗುಂಪನ್ನೂ ಬರೆದರೆ ಆ ಪದ್ಧತಿಗೆ ಹೊಸ ಪ್ರಯೋಜನ ದೊರೆಯುವುದು. ಆ ವಂಶಾವಳಿಗಳಲ್ಲಿ ಗಂಡಸರ ಹೆಸರುಗಳೇ ತುಂಬಿದ್ದು, ಹೆಣ್ಣುಮಕ್ಕಳ ಹೆಸರುಗಳು ಬಿಟ್ಟುಹೋಗುತ್ತಿದ್ದುವು. ರಕ್ತದ ಗುಂಪಿನ ವಂಶಾವಳಿಯಲ್ಲಿ ಹಾಗೆ ಮಾಡುವಂತಿಲ್ಲ. ಇಲ್ಲಿ ತಾಯಿಯ ಪಾಲು ತಂದೆಯ ಪಾಲಿಗೆ ಸಮ, ಅಪಾಯದ ಹೊರೆಯಾದರೋ ತಾಯಿಯದೇ ಹೆಚ್ಚು.